ಮೊದಲು ಬೆನ್ನು ನೋಡಿ: ಕಲಾವಿದರು ರೂಪಿಸಿದ ಹಳೆಯ ಪಿಂಗಾಣಿಯನ್ನು ಮನೆಗೆ ತರುವ ಬಗೆ

ನ್ಯೂರೆಂಬರ್ಗ್‌ನ ಹಳೆ ಪೇಟೆಯಲ್ಲಿ ವರ್ಷಕ್ಕೆ ಎರಡು ಸಲ, ಮೇ ಮತ್ತು ಸೆಪ್ಟೆಂಬರ್‌ನಲ್ಲಿ, ಟ್ರೆಂಪೆಲ್‌ಮಾರ್ಕ್ಟ್ ಎಂಬ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಕೆಲಸಕ್ಕೆಂದು ಜರ್ಮನಿಗೆ ಬಂದ ಎರಡನೇ ವರ್ಷ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಒಂದು ಮೇಜಿನ ಮೇಲೆ ಲೋಟ, ಚಮಚ, ಗಡಿಯಾರಗಳ ನಡುವೆ ಬಿಳಿ ಕಾಗದದ ಚೀಲವೊಂದು ನಿಂತಿತ್ತು. ಯಾರೋ ಬನ್ ತಿಂದು ಬಿಟ್ಟುಹೋದ ಹಾಗೆ, ಅಲ್ಲಲ್ಲಿ ಮುದುರಿಕೊಂಡಿತ್ತು. ಅದನ್ನು ಪಕ್ಕಕ್ಕೆ ಸರಿಸೋಣ ಎಂದು ಕೈ ಹಾಕಿದೆ. ತಣ್ಣಗಿತ್ತು. ಗಟ್ಟಿಯಾಗಿತ್ತು. ಕಾಗದ ಅಲ್ಲ, ಪಿಂಗಾಣಿ.

ಮೇಜಿನ ಹಿಂದೆ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ ನಕ್ಕರು. "ತಿರುಗಿಸಿ ನೋಡು" ಅಂದರು. ತಿರುಗಿಸಿದೆ. ತಳದಲ್ಲಿ ರೋಸೆಂಥಾಲ್ ಕಂಪನಿಯ ಮುದ್ರೆ ಇತ್ತು. ಅದು ಫಿನ್ಲೆಂಡಿನ ಕಲಾವಿದ ಟಾಪಿಯೋ ವಿರ್ಕಲಾ 1977ರಲ್ಲಿ ರೂಪಿಸಿದ ಹೂದಾನಿ ಎಂದು ಆಮೇಲೆ ಓದಿ ತಿಳಿದೆ. ಆವತ್ತು ನನಗೆ ಗೊತ್ತಾಗಿದ್ದು ಒಂದೇ. ದಿನಾ ಬಿಸಾಡುವ ಚೀಲವನ್ನು ಒಬ್ಬ ಮನುಷ್ಯ ಇಷ್ಟು ಪ್ರೀತಿಯಿಂದ ನೋಡಿದ್ದಾನೆ. ಅದರ ಮಡಿಕೆಗಳನ್ನು ಬೆಂಕಿಯಲ್ಲಿ ಸುಟ್ಟು ಉಳಿಸಿದ್ದಾನೆ.

ಆ ಹೂದಾನಿ ಈಗ ನನ್ನ ಕಿಟಕಿಯ ಹತ್ತಿರ ಇದೆ. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದನ್ನು ಹೊಸದಾಗಿ ಶುರು ಮಾಡುವವರಿಗೆ ಉಪಯೋಗವಾಗಲಿ ಎಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಎರಡನೇ ಮಹಾಯುದ್ಧದ ನಂತರದ ಜರ್ಮನ್ ಪಿಂಗಾಣಿ, ಅದರಲ್ಲೂ ರೋಸೆಂಥಾಲ್. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅಲ್ಲಿಯವೇ. ಪರೀಕ್ಷೆ ಮಾಡುವ ವಿಧಾನ ಮಾತ್ರ ಎಲ್ಲ ಪಿಂಗಾಣಿಗೂ ಒಂದೇ.

ಹಂತ 1: ಒಂದು ದಾರಿ ಹಿಡಿಯಿರಿ

ಕಂಡದ್ದೆಲ್ಲ ಕೊಂಡರೆ ಮನೆ ಪಾತ್ರೆ ಅಂಗಡಿ ಆಗುತ್ತದೆ. ಒಬ್ಬ ಕಲಾವಿದ, ಒಂದು ಕಾರ್ಖಾನೆ, ಅಥವಾ ಒಂದು ಬಗೆಯ ವಸ್ತು ಆರಿಸಿಕೊಳ್ಳಿ. ಹೂದಾನಿ ಮಾತ್ರ, ಅಥವಾ ಬಿಳಿ ಮಾತ್ರ, ಹೀಗೆ. ದಾರಿ ಕಿರಿದಾದಷ್ಟೂ ಕಣ್ಣು ಬೇಗ ಪಳಗುತ್ತದೆ.

ನಾನು ಹಿಡಿದ ದಾರಿಯ ಹಿಂದೆ ಒಂದು ಕಥೆ ಇದೆ. ಬವೇರಿಯಾದ ಈಶಾನ್ಯ ಮೂಲೆಯಲ್ಲಿ, ಚೆಕ್ ಗಡಿಯ ಹತ್ತಿರ, ಸೆಲ್ಬ್ ಎಂಬ ಸಣ್ಣ ಊರಿದೆ. ಫಿಲಿಪ್ ರೋಸೆಂಥಾಲ್ ಎಂಬುವರು 1879ರಲ್ಲಿ ಅದರ ಪಕ್ಕದ ಎರ್ಕರ್ಸ್‌ರಾಯ್ಟ್‌ನಲ್ಲಿ ಪಿಂಗಾಣಿಗೆ ಚಿತ್ರ ಬರೆಯುವ ಕಾರ್ಯಾಗಾರ ತೆರೆದರು. ಆಮೇಲೆ ಅದೇ ದೊಡ್ಡ ಕಾರ್ಖಾನೆ ಆಯಿತು. ಅವರು ಯಹೂದಿ ಮನೆತನದವರು. ನಾಜಿಗಳ ಕಾಲದಲ್ಲಿ ತಾವೇ ಕಟ್ಟಿದ ಕಂಪನಿಯಿಂದ ಅವರನ್ನು ಹೊರಗೆ ಹಾಕಿದರು. 1937ರಲ್ಲಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಮಗ ಹೊರದೇಶದಿಂದ ವಾಪಸ್ ಬಂದರು. ಅವರ ಹೆಸರೂ ಫಿಲಿಪ್. 1950ರಲ್ಲಿ ಕಂಪನಿ ಸೇರಿದರು.

ಮಗನಿಗೆ ಒಂದು ವಿಷಯದಲ್ಲಿ ಹಟ ಇತ್ತು. ಹಳೆ ರಾಜರ ಕಾಲದ ಹೂಬಳ್ಳಿಗಳನ್ನೇ ಎಷ್ಟು ದಿನ ನಕಲು ಮಾಡುವುದು? ನಮ್ಮ ಕಾಲದ ಕಲಾವಿದರು ನಮ್ಮ ಕಾಲದ ಪಿಂಗಾಣಿ ಮಾಡಲಿ ಎಂದು ದೇಶ ದೇಶದವರನ್ನು ಕರೆತಂದರು. 1954ರಲ್ಲೇ ಅಮೆರಿಕದ ರೇಮಂಡ್ ಲೋವಿ ಮತ್ತು ರಿಚರ್ಡ್ ಲ್ಯಾಥಮ್ ಸೇರಿ 'ಫಾರ್ಮ್ 2000' ಎಂಬ ಕಾಫಿ ಸೆಟ್ ಮಾಡಿಕೊಟ್ಟರು. ಅದರ ಕಾಫಿ ಪಾತ್ರೆಗೆ ಡಮರುವಿನ ಹಾಗೆ ಸಣ್ಣ ನಡು. 1961ರಲ್ಲಿ 'ಸ್ಟುಡಿಯೋ-ಲೈನ್' ಎಂಬ ಹೆಸರಲ್ಲಿ ಇಂಥವೇ ಪ್ರತ್ಯೇಕ ಸಾಲು ಶುರುವಾಯಿತು. ಯಾವುದು ಆ ಸಾಲಿಗೆ ಸೇರಬೇಕು ಎಂದು ಹೇಳಲು ಕಂಪನಿಯ ಹೊರಗಿನವರ ತೀರ್ಪುಗಾರರ ಮಂಡಳಿ ಇಟ್ಟರು. ಮಾರುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಈ ಏರ್ಪಾಡಿನಿಂದಲೇ ಅಷ್ಟು ಧೈರ್ಯದ ವಸ್ತುಗಳು ಹೊರಬಂದವು ಎಂದು ನನಗೆ ಅನಿಸುತ್ತದೆ.

ಈ ಸಾಲಿನಲ್ಲಿ ನಿಮಗೆ ಸಿಗುವ ಕೆಲವು ಹೆಸರು ನೆನಪಿಟ್ಟುಕೊಳ್ಳಿ. ಡೆನ್ಮಾರ್ಕಿನ ಬ್ಯೋರ್ನ್ ವೀನ್‌ಬ್ಲಾಡ್ ಅವರದು ಗುಂಡು ಮುಖ, ಹೂ ಮುಡಿದ ಹೆಂಗಸರು, ಹಕ್ಕಿಗಳು, ತುಂಬಿ ತುಳುಕುವ ಬಳ್ಳಿ. ವಿರ್ಕಲಾ ಅವರದು ಕಡಿಮೆ ಗೆರೆ, ಜಾಸ್ತಿ ಮೌನ. ಅವರ 'ಪೊಲ್ಲೋ' ಹೂದಾನಿ ಕೂತ ಹಕ್ಕಿಯ ಹಾಗಿದೆ. ಮಾರ್ಟಿನ್ ಫ್ರೆಯರ್ ಅವರ ಹೂದಾನಿಗಳಲ್ಲಿ ಬಣ್ಣವೇ ಇಲ್ಲ. ಹೊಳಪಿಲ್ಲದ ಬಿಳಿ ಮೈಯ ಮೇಲೆ ಉಬ್ಬು ತಗ್ಗುಗಳ ಲೆಕ್ಕಾಚಾರ, ನೆರಳೇ ಬಣ್ಣ. ಬೌಹೌಸ್ ಎಂಬ ಜರ್ಮನಿಯ ಹೆಸರಾಂತ ಕಲೆ-ವಿನ್ಯಾಸ ಶಾಲೆ ಕಟ್ಟಿದ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಕೂಡ ರೋಸೆಂಥಾಲ್‌ಗೆ ಒಂದು ಟೀ ಸೆಟ್ ಮಾಡಿದ್ದಾರೆ. 'ಟಾಕ್' ಎಂದು ಹೆಸರು, 1969ರದು. ಸೆಲ್ಬ್‌ನಲ್ಲಿ ಕಂಪನಿಯ ಒಂದು ಕಾರ್ಖಾನೆ ಕಟ್ಟಡವನ್ನೂ ಅವರೇ ರೂಪಿಸಿದರು.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಡೆನ್ಮಾರ್ಕಿನ ನೀಲಿ ಕ್ರಿಸ್ಮಸ್ ತಟ್ಟೆಗಳಿಂದ ಶುರು ಮಾಡಬಹುದು. ವರ್ಷಕ್ಕೊಂದು ಹೊಸ ಚಿತ್ರ, ಮೇಲೆ ಆ ವರ್ಷ ಬರೆದಿರುತ್ತದೆ. ಬಿಂಗ್ ಅಂಡ್ ಗ್ರೋಂಡಾಲ್ ಕಂಪನಿ 1895ರಲ್ಲಿ ಮೊದಲ ತಟ್ಟೆ ತಂದಿತು. ಎಫ್.ಎ. ಹಾಲಿನ್ ಅವರ ಚಿತ್ರ, ಹಿಮ ಕಟ್ಟಿದ ಕಿಟಕಿಯಿಂದ ಕಾಣುವ ನೋಟ. ಅಲ್ಲಿಯದೇ ಇನ್ನೊಂದು ಕಂಪನಿ ರಾಯಲ್ ಕೋಪನ್‌ಹೇಗನ್ 1908ರಲ್ಲಿ ಶುರು ಮಾಡಿತು. ಮೊದಲ ವರ್ಷಗಳ ತಟ್ಟೆ ದುಬಾರಿ. ಆದರೆ 1970ರ ದಶಕದವು ಅಷ್ಟೊಂದು ಬಂದಿವೆ ಎಂದರೆ ಸಂತೆಯಲ್ಲಿ ಒಂದು ಕಾಫಿಯ ಬೆಲೆಗೆ ಸಿಗುತ್ತವೆ. ನಿಮ್ಮದೋ ಮಕ್ಕಳದೋ ಹುಟ್ಟಿದ ವರ್ಷದ ತಟ್ಟೆ ಹುಡುಕುವುದೇ ಒಂದು ಸಂತೋಷ.

ಹಂತ 2: ಕೊಳ್ಳುವ ಮೊದಲು ಕಣ್ಣು ತುಂಬ ನೋಡಿ

ಮೂರು ತಿಂಗಳು ಏನೂ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬರೀ ನೋಡಿ, ಮುಟ್ಟಿ. ಜರ್ಮನಿಯಲ್ಲಿ ಇರುವವರು ಸೆಲ್ಬ್‌ಗೆ ಒಂದು ದಿನ ಮೀಸಲಿಡಿ. ಅಲ್ಲಿನ ಹಳೆ ರೋಸೆಂಥಾಲ್ ಕಾರ್ಖಾನೆಯೇ ಈಗ 'ಪೋರ್ಟ್ಸೆಲಾನಿಕೋನ್' ಎಂಬ ಮ್ಯೂಸಿಯಂ. ಮಣ್ಣು ಕಲಸುವುದರಿಂದ ಹಿಡಿದು ಸುಡುವವರೆಗೆ ಹೇಗೆ ಮಾಡುತ್ತಿದ್ದರು ಎಂದು ಅಲ್ಲಿ ಕಾಣುತ್ತದೆ. ಪಿಂಗಾಣಿ ಎಂದರೆ ಕಯೋಲಿನ್ ಎಂಬ ಬಿಳಿ ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ. ಇದನ್ನು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಸುಡುವಾಗ ವಸ್ತು ಕುಗ್ಗುತ್ತದೆ, ಸೊಟ್ಟಗಾಗಲು ನೋಡುತ್ತದೆ. ಇದು ಗೊತ್ತಾದ ಮೇಲೆ ವಿರ್ಕಲಾ ಅವರ ತೆಳು ಅಂಚುಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಪ್ರತಿ ಆಗಸ್ಟ್ ಆರಂಭದಲ್ಲಿ ಸೆಲ್ಬ್‌ನಲ್ಲಿ ಪಿಂಗಾಣಿ ಕೆಲಸಗಾರರ ಹಬ್ಬ ನಡೆಯುತ್ತದೆ. ಬೀದಿಯುದ್ದಕ್ಕೂ ಪಿಂಗಾಣಿ ಸಂತೆ. ನೂರಾರು ವಸ್ತುಗಳನ್ನು ಒಂದೇ ದಿನ ಕೈಯಲ್ಲಿ ಹಿಡಿದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಊರಲ್ಲಿ ಇರುವವರಿಗೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಇದೆ. ಯುರೋಪಿನ ಪಿಂಗಾಣಿ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಇದೆ. ಅವು ಹಳೆ ಕಾಲದ್ದು, ಜರ್ಮನಿಯ ಮೈಸನ್, ಫ್ರಾನ್ಸಿನ ಸೆವ್ರ್ ಕಾರ್ಖಾನೆಗಳ ಕೆಲಸ. 20ನೇ ಶತಮಾನದ ಕಲಾವಿದರದ್ದಲ್ಲ. ಆದರೆ ಒಳ್ಳೆಯ ಪಿಂಗಾಣಿಯ ಬಿಳುಪು ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗಲು ಅದು ಸಾಕು.

ಹಂತ 3: ಅದು ಪಿಂಗಾಣಿಯೇ?

ನಾವು ಮಾತಿನಲ್ಲಿ ಉಪ್ಪಿನಕಾಯಿ ಜಾಡಿಗೂ ಪಿಂಗಾಣಿ ಅನ್ನುತ್ತೇವೆ. ಜಾಡಿ ಬೇರೆ ಬಗೆಯ ಮಣ್ಣು, ದಪ್ಪ, ಬೆಳಕು ಬಿಡುವುದಿಲ್ಲ. ನಿಜವಾದ ತೆಳು ಪಿಂಗಾಣಿಯನ್ನು ದೀಪಕ್ಕೆ ಹಿಡಿದು ಹಿಂದೆ ಬೆರಳು ಆಡಿಸಿ. ಬೆರಳಿನ ನೆರಳು ಕಾಣುತ್ತದೆ.

ಇನ್ನೊಂದು ಪರೀಕ್ಷೆ ನಿಮಗೆ ಆಗಲೇ ಗೊತ್ತು. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೇ. ತಟ್ಟೆಯನ್ನು ಅಂಗೈ ಮೇಲೆ ಹಗುರವಾಗಿ ನಿಲ್ಲಿಸಿ, ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ಸ್ವಲ್ಪ ಹೊತ್ತು ನಾದ ಉಳಿದರೆ ಒಳ್ಳೆಯದು. ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ, ಅಥವಾ ಅದು ಪಿಂಗಾಣಿ ಅಲ್ಲ.

ಪಿಂಗಾಣಿ ಅಲ್ಲದ್ದೆಲ್ಲ ಕೀಳು ಎಂದು ತಿಳಿಯಬೇಡಿ. ವೀನ್‌ಬ್ಲಾಡ್ ಅವರು ಡೆನ್ಮಾರ್ಕಿನ ನ್ಯೂಮೊಲ್ಲೆ ಕಾರ್ಖಾನೆಗೆ ಮಾಡಿದ ಹನ್ನೆರಡು ತಿಂಗಳ ತಟ್ಟೆಗಳು ಫಾಯನ್ಸ್, ಅಂದರೆ ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು. ರಾಯಲ್ ಕೋಪನ್‌ಹೇಗನ್‌ನ 'ಬಾಕಾ' ಸಾಲಿನ ಹೂದಾನಿಗಳೂ ಹಾಗೇ. ತುಂಬ ಚೆಂದ. ಆದರೆ ಪಿಂಗಾಣಿ ಎಂದು ಹೇಳಿ ಮಾರಿದರೆ ಮಾರುವವರಿಗೆ ಗೊತ್ತಿಲ್ಲ ಎಂದು ಅರ್ಥ. ಫಾಯನ್ಸ್‌ನ ಗ್ಲೇಜಿನಲ್ಲಿ, ಅಂದರೆ ಮೇಲಿನ ಗಾಜಿನಂಥ ಹೊಳಪು ಪದರದಲ್ಲಿ, ಕಾಲ ಕಳೆದಂತೆ ಜೇಡರ ಬಲೆಯಂಥ ಸಣ್ಣ ಗೆರೆ ಮೂಡುತ್ತವೆ. ನೀರು ಒಳಗೆ ಇಳಿಯುತ್ತದೆ. ನೋಡಿಕೊಳ್ಳುವ ರೀತಿಯೂ ಬೇರೆ.

ಹಂತ 4: ತಿರುಗಿಸಿ, ಬೆನ್ನು ಓದಿ

ಇಡೀ ಸಂಗ್ರಹದ ವಿದ್ಯೆ ಇಲ್ಲೇ ಇದೆ. ಮುಖ ಎಲ್ಲರಿಗೂ ಕಾಣುತ್ತದೆ, ಜಾತಕ ಇರುವುದು ತಳದಲ್ಲಿ.

ರೋಸೆಂಥಾಲ್‌ನ ಸಾಮಾನ್ಯ ಮುದ್ರೆಯಲ್ಲಿ ಕಿರೀಟವೂ ಅದರ ಕೆಳಗೆ ಅಡ್ಡ ಹಾಯ್ದ ಗೆರೆಗಳೂ ಇರುತ್ತವೆ. ಸ್ಟುಡಿಯೋ-ಲೈನ್ ವಸ್ತುವಾದರೆ ಕಂಪನಿ ಹೆಸರಿನ ಜೊತೆ 'ಸ್ಟುಡಿಯೋ-ಲೀನಿಯೆ' ಎಂದು ಜರ್ಮನ್‌ನಲ್ಲಿ ಬರೆದಿರುತ್ತದೆ. ಎಷ್ಟೋ ಸಲ ಕಲಾವಿದರ ಹೆಸರು ಅಥವಾ ಸಹಿ ಕೂಡ ಇರುತ್ತದೆ. ಸಹಿ ಇದ್ದ ಮಾತ್ರಕ್ಕೆ ಕಲಾವಿದರು ಆ ವಸ್ತುವನ್ನು ಕೈಯಾರೆ ಬರೆದರು ಅಂತಲ್ಲ. ವಿನ್ಯಾಸ ಅವರದು, ಸಹಿ ಹೆಚ್ಚಾಗಿ ಅಚ್ಚು. "ಕಲಾವಿದರೇ ಸಹಿ ಹಾಕಿದ್ದು" ಎಂದು ಯಾರಾದರೂ ಬೆಲೆ ಏರಿಸಿದರೆ ಭೂತಗನ್ನಡಿ ಹಿಡಿದು ನೋಡಿ.

ಬೆನ್ನು ಓದುವ ಸುಖಕ್ಕೆ ನನಗೆ ಇಷ್ಟವಾದ ಉದಾಹರಣೆ ವೀನ್‌ಬ್ಲಾಡ್ ಅವರ 'ಮ್ಯಾಜಿಕ್ ಫ್ಲೂಟ್' ಸೆಟ್, 1969ರದು. ಮೊಜಾರ್ಟ್‌ನ ಅದೇ ಹೆಸರಿನ ಒಪೆರಾದ ಪಾತ್ರಗಳು ಉಬ್ಬು ಚಿತ್ತಾರವಾಗಿ ಪಿಂಗಾಣಿಯ ಮೇಲೆ ನಿಂತಿವೆ. ತಿರುಗಿಸಿದರೆ ತಳದಲ್ಲಿ ಅದೇ ಒಪೆರಾದ ಸಾಲುಗಳು. ಊಟಕ್ಕೆ ಕೂತವರಿಗೆ ಕಾಣದ ಜಾಗದಲ್ಲಿ ಇಷ್ಟು ಕೆಲಸ ಮಾಡಿದ್ದಾರಲ್ಲ ಎಂದು ಪ್ರತಿ ಸಲವೂ ಮನಸ್ಸು ತುಂಬುತ್ತದೆ.

ಮುದ್ರೆ ಓದುವಾಗ ಈ ವಿಷಯಗಳು ಗಮನದಲ್ಲಿರಲಿ.

'ಬವೇರಿಯಾ' ಎನ್ನುವುದು ಪ್ರದೇಶದ ಹೆಸರು. ಕಂಪನಿಯ ಹೆಸರಲ್ಲ. ಆ ಭಾಗದಲ್ಲಿ ಎಷ್ಟೋ ಕಾರ್ಖಾನೆಗಳಿದ್ದವು. ಬಿಳಿ ಉಬ್ಬು ಹೂದಾನಿಗಳನ್ನು ಹುಚೆನ್‌ರಾಯ್ಟರ್, ಹೈನ್ರಿಚ್, ಕೈಸರ್ ಮುಂತಾದವರೂ ಮಾಡಿದ್ದಾರೆ. ಅವುಗಳಲ್ಲಿ ಚೆನ್ನಾಗಿರುವವು ಬಹಳ ಇವೆ, ಬೆಲೆಯೂ ಕಡಿಮೆ. ಅವನ್ನು ಅವುಗಳ ಹೆಸರಲ್ಲೇ ಕೊಳ್ಳಿ.

'ಕೆಪಿಎಂ' ಎಂಬ ಮೂರಕ್ಷರ ನೋಡಿ ಮೋಸ ಹೋಗುವವರು ಜಾಸ್ತಿ. ಅದು ಬರ್ಲಿನ್‌ನ ಪ್ರಸಿದ್ಧ ರಾಜ ಪಿಂಗಾಣಿ ಕಾರ್ಖಾನೆಯ ಜರ್ಮನ್ ಹೆಸರಿನ ಮೊದಲಕ್ಷರಗಳು. ಆ ಕಾರ್ಖಾನೆ 1763ರಿಂದ ಇದೆ. ಅದರ ಗುರುತು ನೀಲಿ ರಾಜದಂಡ. ಅದೇ ಮೂರಕ್ಷರವನ್ನು ಬೇರೆ ಕಾರ್ಖಾನೆಗಳೂ ಬಳಸಿವೆ. ರಾಜದಂಡ ಇಲ್ಲದೆ ಕೆಪಿಎಂ ಜೊತೆ ಬವೇರಿಯಾ ಅಂತ ಇದ್ದರೆ ಅದು ಬರ್ಲಿನ್‌ನದಲ್ಲ.

'ಪಶ್ಚಿಮ ಜರ್ಮನಿ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು 1949ರಿಂದ 1990ರ ನಡುವಿನದು. ಬರೀ 'ಜರ್ಮನಿ' ಎಂದಿದ್ದರೆ ಕಾಲ ಹೇಳಲು ಬೇರೆ ಗುರುತು ಬೇಕು.

ರಾಯಲ್ ಕೋಪನ್‌ಹೇಗನ್‌ನದು ಮೂರು ನೀಲಿ ಅಲೆ. ಡೆನ್ಮಾರ್ಕಿನ ಮೂರು ಜಲಸಂಧಿಗಳ ಗುರುತು. 1935ರಿಂದ ಆ ಹೆಸರಿನ ಯಾವುದಾದರೂ ಒಂದು ಅಕ್ಷರದ ಮೇಲೆ ಅಥವಾ ಕೆಳಗೆ ಸಣ್ಣ ಗೆರೆ ಹಾಕಿ ವರ್ಷ ಸೂಚಿಸುತ್ತಿದ್ದರು. ಪಟ್ಟಿ ಇಟ್ಟುಕೊಂಡರೆ ತಯಾರಾದ ವರ್ಷ ಸಿಗುತ್ತದೆ.

ಮುದ್ರೆಯ ಮೇಲೆ ಅಡ್ಡವಾಗಿ ಗೀರು ಹಾಕಿದ್ದರೆ ಅದು ಸವೆತ ಅಲ್ಲ. ಕಾರ್ಖಾನೆಯವರೇ ಬೇಕೆಂದು ಗ್ಲೇಜ್ ಕೆರೆದು, ಇದು ಎರಡನೇ ದರ್ಜೆ ಎಂದು ಹೇಳಿದ್ದಾರೆ. ಒಂದು ಕಪ್ಪು ಚುಕ್ಕೆ, ಸ್ವಲ್ಪ ಸೊಟ್ಟ, ಇಷ್ಟಕ್ಕೇ ಗೀರು ಬಿದ್ದಿರಬಹುದು. ಮನೆಯಲ್ಲಿ ಇಟ್ಟು ನೋಡಲು ಅಂಥದ್ದು ಧಾರಾಳ ಸಾಕು. ಬೆಲೆ ಮಾತ್ರ ಮೊದಲ ದರ್ಜೆಯದ್ದು ಕೊಡಬೇಡಿ.

ಇನ್ನೊಂದು ಮಾತು. ವಿರ್ಕಲಾ ಅವರ ಕಾಗದದ ಚೀಲದಂಥ ಕೆಲವು ವಿನ್ಯಾಸಗಳನ್ನು ರೋಸೆಂಥಾಲ್ ದಶಕಗಳ ಕಾಲ ಮಾಡುತ್ತಲೇ ಬಂದಿದೆ. ವಿನ್ಯಾಸ 1977ರದು ಎಂದ ಮಾತ್ರಕ್ಕೆ ಕೈಯಲ್ಲಿರುವುದು ಆ ಕಾಲದ್ದು ಆಗಬೇಕೆಂದಿಲ್ಲ. ಮುದ್ರೆಯ ಶೈಲಿ ಬದಲಾಗುತ್ತದೆ. ಅದನ್ನು ಹೋಲಿಸಿ ನೋಡಿ.

ಹಂತ 5: ಗಾಯ ಹುಡುಕಿ

ಕಣ್ಣು ಮುಚ್ಚಿಕೊಂಡು ಅಂಚಿನ ಸುತ್ತ ಬೆರಳು ಓಡಿಸಿ. ಚಕ್ಕೆ ಎದ್ದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಆಮೇಲೆ ಹಿಡಿಕೆ ಸೇರುವ ಜಾಗ, ಕೊಕ್ಕಿನ ತುದಿ, ಮುಚ್ಚಳದ ಒಳ ಅಂಚು. ಗೊಂಬೆಯಾದರೆ ಬೆರಳುಗಳನ್ನು ಎಣಿಸಿ.

ಕೂದಲೆಳೆ ಬಿರುಕು ಮೇಲಿನ ಬೆಳಕಿನಲ್ಲಿ ಕಾಣುವುದಿಲ್ಲ. ಮೊಬೈಲ್ ಟಾರ್ಚನ್ನು ಹೂದಾನಿಯ ಒಳಗಿಂದ ಹಿಡಿದು ಹೊರಗಿಂದ ನೋಡಿ. ಬಿರುಕಿದ್ದರೆ ಕಪ್ಪು ದಾರದ ಹಾಗೆ ಎದ್ದು ಕಾಣುತ್ತದೆ. ಸರಿಮಾಡಿ ಬಣ್ಣ ಹಚ್ಚಿದ್ದರೆ ನೇರಳೆ ಬೆಳಕಿನ ಸಣ್ಣ ಯುವಿ ಟಾರ್ಚ್ ಬೇಕು. ಕತ್ತಲಲ್ಲಿ ಹಿಡಿದರೆ ಅಂಟು ಮತ್ತು ಹೊಸ ಬಣ್ಣ ಸುತ್ತಲಿನ ಮೈಗಿಂತ ಬೇರೆ ಥರ ಹೊಳೆಯುತ್ತವೆ. ಕೈಗೂ ಗೊತ್ತಾಗುತ್ತದೆ. ಗ್ಲೇಜ್ ತಣ್ಣಗಿರುತ್ತದೆ, ಹಚ್ಚಿದ ಬಣ್ಣ ಸ್ವಲ್ಪ ಬೆಚ್ಚಗೆ, ಮೆತ್ತಗೆ ಅನಿಸುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಆನ್‌ಲೈನ್‌ನಲ್ಲಿ ಒಬ್ಬರಿಂದ ವೀನ್‌ಬ್ಲಾಡ್ ತಟ್ಟೆ ತರಿಸಿದ್ದೆ. ಫೋಟೋದಲ್ಲಿ ತುಂಬ ಚೆನ್ನಾಗಿತ್ತು. ಮನೆಗೆ ಬಂದ ದಿನ ತಟ್ಟಿ ನೋಡಿದರೆ ಸತ್ತ ಸದ್ದು. ಟಾರ್ಚ್ ಹಿಡಿದಾಗ ಅಂಚಿನಿಂದ ನಡುವಿನವರೆಗೆ ಗೆರೆ ಕಂಡಿತು. ಹಿಂದಿನಿಂದ ಅಂಟು ತುಂಬಿದ್ದರು. ಬೆನ್ನಿನ ಫೋಟೋ ಕೇಳದೆ ಕೊಂಡಿದ್ದೆ. ಬಹಳ ನೊಂದುಕೊಂಡೆ. ದುಡ್ಡಿಗಿಂತ, ಆ ತಟ್ಟೆಯನ್ನು ಹಾಗೆ ಮುಚ್ಚಿಟ್ಟು ಮಾರಿದ್ದಕ್ಕೆ.

ಕಾರ್ಖಾನೆಯ ಕುಂದು ಬೇರೆ, ಗಾಯ ಬೇರೆ. ಗೂಡಿನಲ್ಲಿ ಹಾರಿ ಕೂತ ಬೂದಿಯ ಚುಕ್ಕೆ, ಸೂಜಿಮೊನೆಯಷ್ಟು ತೂತು, ಇವು ಹುಟ್ಟಿನಿಂದ ಬಂದ ಮಚ್ಚೆ ಇದ್ದ ಹಾಗೆ. ನಾನು ಅವನ್ನು ಲೆಕ್ಕಕ್ಕೆ ಇಡುವುದಿಲ್ಲ. ಚಿನ್ನದ ಗೆರೆ ಸವೆದಿದ್ದರೆ ಮಾತ್ರ ಎರಡು ಸಲ ಯೋಚಿಸಿ. ಅದು ಮತ್ತೆ ಬರುವುದಿಲ್ಲ.

ಹಂತ 6: ಎಲ್ಲಿ, ಎಷ್ಟಕ್ಕೆ

ಸಂತೆಗೆ ಬೆಳಗ್ಗೆ ಬೇಗ ಹೋದರೆ ಒಳ್ಳೆಯ ವಸ್ತು, ಮಧ್ಯಾಹ್ನ ಹೋದರೆ ಒಳ್ಳೆಯ ಬೆಲೆ. ವಯಸ್ಸಾದವರ ಮನೆ ಖಾಲಿ ಮಾಡುವ ಮಾರಾಟ, ದಾನದ ಸಾಮಾನಿನ ಅಂಗಡಿ, ಎರಡೂ ನೋಡಿ. ಬೆಂಗಳೂರಿನ ಸಂಡೇ ಬಜಾರಿನಲ್ಲೂ ಹಳೆ ಪಿಂಗಾಣಿ ಒಮ್ಮೊಮ್ಮೆ ಕಾಣುತ್ತದೆ. ತಳ ನೋಡುವ ಅಭ್ಯಾಸಕ್ಕೆ ಒಳ್ಳೆಯ ಜಾಗ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಮಾರುವವರಿಗೆ ನಾಲ್ಕು ಪ್ರಶ್ನೆ ಕೇಳಿ. ತಳದ ಮುದ್ರೆಯ ಹತ್ತಿರದ ಫೋಟೋ ಇದೆಯಾ? ಹಿಂಬದಿ ಪೂರ್ತಿ ಕಾಣುವ ಫೋಟೋ? ಅಳತೆ ಎಷ್ಟು ಸೆಂಟಿಮೀಟರ್? ತಟ್ಟಿದರೆ ನಾದ ಬರುತ್ತದಾ? ಕೊನೆಯ ಪ್ರಶ್ನೆಗೆ ಸಿಟ್ಟಾಗುವವರಿಂದ ಕೊಳ್ಳಬೇಡಿ. ಅಳತೆಯನ್ನು ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿ. ಫೋಟೋದಲ್ಲಿ ದೊಡ್ಡದಾಗಿ ಕಂಡ ಎಷ್ಟೋ ಹೂದಾನಿ ಬೆರಳುದ್ದ ಇರುತ್ತವೆ.

ಬೆಲೆ ತಿಳಿಯಲು ಕೇಳುತ್ತಿರುವ ದರ ನೋಡಬೇಡಿ, ಮಾರಾಟವಾದ ದರ ನೋಡಿ. ಒಂದೇ ವಸ್ತುವನ್ನು ಒಬ್ಬರು ಹತ್ತು ಪಟ್ಟು ಹೇಳುತ್ತಾರೆ, ವರ್ಷಗಟ್ಟಲೆ ಹಾಗೇ ಇರುತ್ತದೆ. ಹೊರದೇಶದಿಂದ ಭಾರತಕ್ಕೆ ತರಿಸುವುದಾದರೆ ಸಾಗಣೆ, ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಇದು ಹೂಡಿಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ರಿಸ್ಮಸ್ ತಟ್ಟೆಗಳನ್ನು ಹಾಗೆಂದು ಕೂಡಿಟ್ಟವರ ಮಕ್ಕಳೇ ಇವತ್ತು ಅವನ್ನು ಪೆಟ್ಟಿಗೆಗಟ್ಟಲೆ ಸಂತೆಗೆ ತರುತ್ತಿದ್ದಾರೆ.

ಹಂತ 7: ತೊಳೆಯುವುದು

ಸಿಂಕಿನಲ್ಲಿ ನೇರವಾಗಿ ಬೇಡ. ಪ್ಲಾಸ್ಟಿಕ್ ಟಬ್‌ನ ತಳಕ್ಕೆ ಟವಲ್ ಹಾಸಿ, ಉಗುರು ಬೆಚ್ಚಗಿನ ನೀರು, ಎರಡು ಹನಿ ಸೋಪು. ಒಂದು ಸಲಕ್ಕೆ ಒಂದೇ ವಸ್ತು. ಉಂಗುರ, ಬಳೆ ತೆಗೆದಿಡಿ. ಡಿಶ್‌ವಾಷರ್ ಚಿನ್ನವನ್ನೂ ಬಣ್ಣವನ್ನೂ ತಿನ್ನುತ್ತದೆ. ಚಿನ್ನದ ಗೆರೆ ಇರುವುದನ್ನು ಮೈಕ್ರೋವೇವ್‌ನಲ್ಲಿ ಇಟ್ಟರೆ ಕಿಡಿ ಹಾರುತ್ತದೆ.

ಹೊಳಪಿಲ್ಲದ ಬಿಳಿ ಹೂದಾನಿಯ ಹೊರಮೈಗೆ ಗ್ಲೇಜ್ ಇರುವುದಿಲ್ಲ. ಕೈಯ ಎಣ್ಣೆ, ಧೂಳು ಅದರ ಒರಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅಡುಗೆ ಸೋಡವನ್ನು ನೀರಲ್ಲಿ ಕಲಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಸುತ್ತು ಸುತ್ತಾಗಿ ಉಜ್ಜಿ. ಬಹುತೇಕ ಕಲೆ ಹೋಗುತ್ತದೆ. ಬ್ಲೀಚ್ ಬೇಡ.

ಹೂದಾನಿಯ ಒಳಗೆ ಬಿಳಿ ಉಂಗುರ ಕಟ್ಟಿದ್ದರೆ ಅದು ನೀರಿನ ಸುಣ್ಣ. ನಮ್ಮೂರಿನ ಬೋರ್‌ವೆಲ್ ನೀರು ಹಾಕಿದರೆ ಒಂದೇ ತಿಂಗಳಲ್ಲಿ ಕಟ್ಟುತ್ತದೆ. ಒಳಮೈಗೆ ಗ್ಲೇಜ್ ಇದ್ದರೆ ನಿಂಬೆ ಉಪ್ಪನ್ನು ಬೆಚ್ಚನೆ ನೀರಲ್ಲಿ ಕರಗಿಸಿ ರಾತ್ರಿ ಬಿಡಿ. ಹೂದಾನಿಯ ಕತ್ತು ಸಣ್ಣದಾಗಿದ್ದರೆ ಒಂದು ಹಿಡಿ ಅಕ್ಕಿ ಹಾಕಿ ಮೆಲ್ಲಗೆ ಆಡಿಸಿ. ಹೂ ಇಡುವಾಗ ಫಿಲ್ಟರ್ ನೀರು ಬಳಸಿ.

ಹಂತ 8: ಮನೆಯಲ್ಲಿ ಜಾಗ

ಇದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಬೆಳೆದವರಿಗೆ ಮೆಟ್ಟಿಲು, ಎತ್ತರ, ಹಿಂದೆ ಮುಂದೆ ಎಲ್ಲ ಗೊತ್ತು. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ನಡುವೆ ಉಸಿರಾಡಲು ಜಾಗ. ನಮ್ಮಮ್ಮ ಮೈಸೂರಿನಲ್ಲಿ ಪಟ್ಟದ ಗೊಂಬೆಗಳ ಸುತ್ತ ಬಿಡುವ ಖಾಲಿ ಜಾಗವನ್ನೇ ನಾನು ವಿರ್ಕಲಾ ಸುತ್ತ ಬಿಡುತ್ತೇನೆ. ಹೊಳಪಿಲ್ಲದ ಬಿಳಿ ಪಿಂಗಾಣಿಯನ್ನು ಮಾತ್ರ ದೇವರ ಮನೆ ಹತ್ತಿರ ಇಡಬೇಡಿ. ಅರಿಸಿನ ಕುಂಕುಮದ ಪುಡಿ, ದೀಪದ ಮಸಿ ಅದರ ಮೈಗೆ ಹಿಡಿದರೆ ಬಿಡಿಸುವುದು ಕಷ್ಟ.

ಉಬ್ಬು ಕೆಲಸದ ಬಿಳಿ ಹೂದಾನಿಗೆ ಪಕ್ಕದಿಂದ ಬೆಳಕು ಬೀಳಬೇಕು. ನೇರ ಮುಂದಿನಿಂದ ಬಿದ್ದರೆ ನೆರಳು ಸತ್ತು ಚಪ್ಪಟೆ ಕಾಣುತ್ತದೆ. ಫ್ರೆಯರ್ ಅವರ ಹೂದಾನಿಯನ್ನು ಕಿಟಕಿಯ ಪಕ್ಕದ ಗೋಡೆಗೆ ಇಟ್ಟು, ಬೆಳಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಒಮ್ಮೆ ನೋಡಿ. ಎರಡು ಬೇರೆ ವಸ್ತುಗಳೇ. ಬಿಸಿಲಿಗೆ ಬಣ್ಣ ಹೋಗುತ್ತದೆ ಎಂಬ ಭಯ ಬೇಡ. ಬೆಂಕಿಯಲ್ಲಿ ಸುಟ್ಟ ಬಣ್ಣ ಮಾಸುವುದಿಲ್ಲ. ಅಂಟು ಹಾಕಿ ಸರಿಮಾಡಿದ್ದು ಮಾತ್ರ ಹಳದಿಯಾಗುತ್ತದೆ.

ಗೋಡೆಗೆ ತಟ್ಟೆ ನೇತುಹಾಕಲು ಸ್ಪ್ರಿಂಗ್ ತಂತಿ ಸಿಗುತ್ತದೆ. ಕೊಕ್ಕೆಗಳಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ, ಬರೀ ಲೋಹ ಅಂಚನ್ನು ಕಚ್ಚುತ್ತದೆ. ಹಿಂದೆ ಅಂಟಿಸುವ ಬಿಲ್ಲೆಯೂ ಇದೆ. ಒದ್ದೆ ಮಾಡಿ ಅಂಟಿಸಿ, ಇಡೀ ದಿನ ಒಣಗಲು ಬಿಡಿ, ಎಳೆದು ಪರೀಕ್ಷಿಸಿ ಆಮೇಲೆ ನೇತುಹಾಕಿ. ಗ್ಲೇಜ್ ಇಲ್ಲದ ಬೆನ್ನಿಗೆ, ಚಿನ್ನದ ಬರಹ ಇರುವ ಬೆನ್ನಿಗೆ ಅದು ಬೇಡ. ಮಕ್ಕಳೋ ಬೆಕ್ಕೋ ಇರುವ ಮನೆಯಲ್ಲಿ ಮ್ಯೂಸಿಯಂ ವ್ಯಾಕ್ಸ್ ಎಂಬ ಮೇಣದ ಸಣ್ಣ ಗುಳಿಗೆಯನ್ನು ತಳಕ್ಕೆ ಒತ್ತಿ ಕೂರಿಸಿ. ತಳ್ಳಿದರೂ ಬೀಳುವುದಿಲ್ಲ, ತಿರುಚಿದರೆ ಬಿಡುತ್ತದೆ.

ತಟ್ಟೆಗಳನ್ನು ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ ಇರಲಿ. ತಟ್ಟೆಯ ತಳದ ಉಂಗುರಕ್ಕೆ ಗ್ಲೇಜ್ ಇರುವುದಿಲ್ಲ, ಕೆಳಗಿನ ತಟ್ಟೆಯ ಮುಖವನ್ನು ಗೀರುತ್ತದೆ. ಯಾವ ಪಾತ್ರೆಯನ್ನೂ ಹಿಡಿಕೆ ಹಿಡಿದು ಎತ್ತಬೇಡಿ. ಎರಡು ಕೈ, ಒಂದು ತಳಕ್ಕೆ.

ಅದರಲ್ಲಿ ಊಟ ಮಾಡಬಹುದಾ?

ಎಲ್ಲರೂ ಕೇಳುವ ಪ್ರಶ್ನೆ. ಊಟಕ್ಕೆಂದೇ ಮಾಡಿದ ಸೆಟ್, ಚಿತ್ರ ಸವೆದಿಲ್ಲ, ಬಿರುಕಿಲ್ಲ ಎಂದರೆ ಒಣ ತಿಂಡಿ, ಬಿಸ್ಕತ್ತು ಇಡಲು ಅಡ್ಡಿ ಇಲ್ಲ. ಆದರೆ ಗೋಡೆಗೆಂದು ಮಾಡಿದ ತಟ್ಟೆಗಳಲ್ಲಿ, ಗ್ಲೇಜಿನ ಮೇಲೆ ಕೆಂಪು, ಕಿತ್ತಳೆ, ಹಳದಿ ಬಣ್ಣ ಬಳಿದ ಹಳೆಯ ತಟ್ಟೆಗಳಲ್ಲಿ ಊಟ ಬೇಡ. ಆ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಹುಳಿ ಅವನ್ನು ಎಳೆದು ತೆಗೆಯುತ್ತದೆ. ನಮ್ಮ ಸಾರು, ಹುಳಿಯನ್ನ, ಉಪ್ಪಿನಕಾಯಿ ಎಲ್ಲವೂ ಹುಳಿಯೇ ಅಲ್ವಾ? ಅವಕ್ಕೆ ಸ್ಟೀಲ್ ತಟ್ಟೆ ಇರಲಿ.

ಹಂತ 9: ಊರಿಗೆ ಒಯ್ಯುವಾಗ

ಮೊದಲ ಸಲ ಮೈಸೂರಿಗೆ ಒಯ್ದ ಬಿಳಿ ಹೂದಾನಿಯನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದ್ದೆ. ಮನೆ ತಲುಪಿ ತೆಗೆದಾಗ ಏಳು ಚೂರು. ಅಮ್ಮ ಆ ಚೂರುಗಳನ್ನು ಇನ್ನೂ ಎಸೆದಿಲ್ಲ. ಅದಾದ ಮೇಲೆ ಕಲಿತ ರೀತಿ ಹೀಗಿದೆ.

ಮೊದಲು ಅಚ್ಚಿಲ್ಲದ ಬಿಳಿ ಕಾಗದ. ನ್ಯೂಸ್‌ಪೇಪರಿನ ಮಸಿ ಗ್ಲೇಜ್ ಇಲ್ಲದ ಮೈಗೆ ಹತ್ತುತ್ತದೆ. ಬಬಲ್ ರ‍್ಯಾಪ್ ಅದರ ಮೇಲೆ, ನೇರವಾಗಿ ಅಲ್ಲ. ಸೆಕೆಯಲ್ಲಿ ಅದು ಚಿನ್ನದ ಮೇಲೆ ಗುಳ್ಳೆಯ ಗುರುತು ಬಿಡಬಹುದು. ಹೂದಾನಿಯ ಒಳಗೂ ಕಾಗದ ತುಂಬಿ, ಆದರೆ ಬಿಗಿಯಾಗಿ ತುರುಕಬೇಡಿ. ಸಣ್ಣ ಪೆಟ್ಟಿಗೆ, ಅದರ ಸುತ್ತ ಮೆತ್ತೆ, ಅದನ್ನು ಹಿಡಿಸುವ ದೊಡ್ಡ ಪೆಟ್ಟಿಗೆ. ಪೆಟ್ಟಿಗೆ ಅಲುಗಾಡಿಸಿದರೆ ಒಳಗೆ ಏನೂ ಅಲುಗಬಾರದು. ತಟ್ಟೆಗಳನ್ನು ಮಲಗಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಇಷ್ಟವಾದ ಒಂದನ್ನು ಕೈಚೀಲದಲ್ಲೇ ಒಯ್ಯಿರಿ.

ಊರಿಂದ ಹೊರದೇಶಕ್ಕೆ ಅಜ್ಜಿಯ ಕಾಲದ ಪಿಂಗಾಣಿ ತರುವವರು ಒಂದು ಕಾನೂನು ತಿಳಿದಿರಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಿರಬಹುದು ಎಂದು ಅನುಮಾನ ಇದ್ದರೆ ಹೊರಡುವ ಮೊದಲೇ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಹೊರಡುವ ಮುನ್ನ ಪ್ರತಿ ವಸ್ತುವಿನ ಮುಖ, ಬೆನ್ನು, ಮುದ್ರೆ, ಮೂರು ಫೋಟೋ ತೆಗೆಯಿರಿ. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರಿ, ಯಾವ ಅಂಚಿನಲ್ಲಿ ಚಕ್ಕೆ ಇದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟು ತುಂಡು ಕಟ್ಟಿದಿರಿ ಎಂದು ಪೆಟ್ಟಿಗೆಯ ಮೇಲೂ ಬರೆಯಿರಿ. ಮುಚ್ಚಳ ಬೇರೆ, ಪಾತ್ರೆ ಬೇರೆ ಎಂದು ಎಣಿಸಿ. ಊರಲ್ಲಿ ಬಿಚ್ಚುವಾಗ ಆ ಲೆಕ್ಕ ಸರಿಹೋಗುವವರೆಗೆ ಒಂದು ತುಂಡು ಕಾಗದವನ್ನೂ ಎಸೆಯಬೇಡಿ. ಸಣ್ಣ ಮುಚ್ಚಳಗಳು ಕಾಗದದ ಮುದ್ದೆಯೊಳಗೇ ಉಳಿದು ಕಸದ ಗಾಡಿಗೆ ಹೋಗಿಬಿಡುತ್ತವೆ.